ನಡು ಹಲಗೆ

ಫೆಬ್ರವರಿ ೨೨. ಮೊದಲನೆಯ ದಿನ.

ಇಂದು ಬೆಳಿಗ್ಗೆ ಹನ್ನೊಂದೂಕಾಲಿಗೆ ಈ ದೇಶದ ಅಧ್ಯಕ್ಷನಾದೆ. ಹನ್ನೊಂದಕ್ಕೇ ಆಗಬೇಕಿತ್ತು. ಪ್ರಮಾಣವಚನದ ಹಾಳೆಯನ್ನು ಯಾರೋ ಎಲ್ಲೋ ಇಟ್ಟು ಮರೆತಿದ್ದರು. ನನ್ನ ಉಗ್ರಾಣದಲ್ಲಿ ಹೀಗಾಗಿದ್ದರೆ ಒಬ್ಬನ ಭಾನುವಾರದ ರಜೆ ಹೋಗುತ್ತಿತ್ತು.

ನಾನೇ ಯಾಕೆ ಎಂಬುದು ಸರಳ. ಹಳೆಯ ಸರ್ಕಾರವನ್ನು ಇಳಿಸಿದವರು ಮೂವರು ಕರ್ನಲ್‌ಗಳು. ಒಬ್ಬ ಕುರ್ಚಿಯಲ್ಲಿ ಕೂತರೆ ಉಳಿದಿಬ್ಬರಿಗೆ ಹೊಟ್ಟೆಯಲ್ಲಿ ಬೆಂಕಿ. ಯಾರಿಗೂ ಹೆದರಿಕೆ ಹುಟ್ಟಿಸದ ಒಬ್ಬ ಜನರಲ್ ಬೇಕಾಗಿತ್ತು. ಮೂವತ್ತಾರು ವರ್ಷದ ಸೇವೆಯಲ್ಲಿ ಗುಂಡು ಹಾರಿಸಿ ಎಂದು ನಾನು ಒಮ್ಮೆಯೂ ಹೇಳಿಲ್ಲ. ಬೂಟು ಹಂಚಿದ್ದೇನೆ, ಕಂಬಳಿ ಹಂಚಿದ್ದೇನೆ. ಆ ಮೂವರ ಕಾಲಿಗೂ ಬೂಟು ಕೊಟ್ಟವನು ನಾನೇ. ಈಗ ಯುದ್ಧಮಂತ್ರಿಯಾಗಿರುವ ಕರ್ನಲ್ ಸರ್ಮೆಂತುವಿನ ಎಡಗಾಲು ಬಲಗಾಲಿಗಿಂತ ಅರ್ಧ ಅಳತೆ ದೊಡ್ಡದು.

"ತೊಂಬತ್ತೇ ದಿನ, ಜನರಲ್. ಚುನಾವಣೆ ಮಾಡಿಸಿ, ಕೀಲಿಕೈ ಕೊಟ್ಟು ಹೋಗೋದು ಅಷ್ಟೇ," ಎಂದ ಅವನು.

ದಿಯೊಲಿಂದಾಗೆ ಹೇಳಿದೆ. ಅವಳು ನನಗಿಂತ ಎರಡು ವರ್ಷ ದೊಡ್ಡವಳು. ನಾನು ಕಾರ್ಪೋರಲ್ ಆಗಿದ್ದಾಗ ಮದುವೆಯಾದವಳು. ನನ್ನ ಭುಜದ ಮೇಲೆ ಎಷ್ಟು ಪಟ್ಟಿ ಬಂದರೂ ಮಾತಿನ ಧಾಟಿ ಬದಲಿಸಿದವಳಲ್ಲ.

"ಅಲ್ಲಯ್ಯಾ ಬೆಲ್ಮೀರು, ಮೂವರು ಕುರ್ಚಿಗೆ ಕಿತ್ತಾಡ್ತಾ ಇದ್ರೆ, ಜಗಳ ಮುಗಿಯೋವರೆಗೂ ಅದರ ಮೇಲೊಂದು ಕೋಟು ಹಾಕಿ ಜಾಗ ಹಿಡೀತಾರೆ. ನೀನು ಆ ಕೋಟು."

ಕೋಟಿಗೂ ತೊಂಬತ್ತು ದಿನದ ಸೇವೆ ಇದೆ. ಮೇ ೨೨ಕ್ಕೆ ಮುಗಿಯುತ್ತದೆ. ಈ ನೋಟುಬುಕ್ಕು ನಾನು ಮೊನ್ನೆಯವರೆಗೆ ಇದ್ದ ಪೋರ್ತು ನಗರದ ಸೇನಾ ಉಗ್ರಾಣದ್ದು, ಬಳಸದೆ ಉಳಿದಿತ್ತು. ತೊಂಬತ್ತು ಹಾಳೆ ಎಣಿಸಿ ಉಳಿದವನ್ನು ಹರಿದು ಹಾಕಿದೆ.

ಅರಮನೆಯಲ್ಲಿ ಮೆಟ್ಟಿಲು ನಲವತ್ತಮೂರು. ಕುರ್ಚಿ ಇನ್ನೂರ ಹನ್ನೆರಡು, ಅದರಲ್ಲಿ ಒಂಬತ್ತು ಅಲುಗಾಡುತ್ತವೆ. ಕಾಗದ ಇಡಲು ಒಂದು ಹಲಗೆ ಇಲ್ಲ.

ಫೆಬ್ರವರಿ ೨೬. ಐದನೆಯ ದಿನ.

ಪೋರ್ತುವಿನಿಂದ ನನ್ನ ಹಲಗೆಗಳನ್ನು ತರಿಸಲು ಹೇಳಿದೆ. ಕಾರ್ಯದರ್ಶಿ ತೆಯೊತೋನಿಯು ಹುಬ್ಬೇರಿಸಿದ. ಕಾನೂನು ಓದಿದವನಾದ್ದರಿಂದ ಅವನನ್ನು ಎಲ್ಲರೂ ಡಾಕ್ಟರೇ ಎನ್ನುತ್ತಾರೆ, ನಾನೂ ಅನ್ನುತ್ತೇನೆ. ಜನ್ಮದಲ್ಲಿ ಯಾರ ನಾಡಿಯನ್ನೂ ಹಿಡಿದವನಲ್ಲ.

"ಎಂಥ ಹಲಗೆ, ಅಧ್ಯಕ್ಷರೇ?"

ವಿವರಿಸಿದೆ. ಪೈನ್ ಮರದ ಮೂರು ಹಲಗೆ, ನನ್ನ ಮೇಜಿನ ಹಿಂದೆ ಮೊಳೆ ಹೊಡೆದು ಕೂರಿಸಿದ್ದು. ಮೇಲಿನದರಲ್ಲಿ ಇನ್ನೂ ಓದದ ಕಾಗದ. ಕೆಳಗಿನದರಲ್ಲಿ ಮುಗಿದದ್ದು. ನಡುವಿನದು ನಿಂತರೆ ಸರಿಯಾಗಿ ಕಣ್ಣಿನ ಮಟ್ಟಕ್ಕೆ ಬರುತ್ತದೆ. ತಕ್ಷಣ ಹೌದು ಅಲ್ಲ ಎನ್ನಲಾಗದ ಅರ್ಜಿ ಬಂದರೆ ಅದರ ಮೇಲೆ 'ನೋಡಿದೆ' ಎಂದು ಬರೆದು, ನನ್ನ ಹೆಸರಿನ ಮೊದಲಕ್ಷರ ಬೆ. ಕಿಂ. ಎಂದು ಹಾಕಿ, ನಡು ಹಲಗೆಯಲ್ಲಿ ಇಡುತ್ತಿದ್ದೆ. ಅಂದರೆ: ಓದಿದ್ದೇನೆ, ಮರೆತಿಲ್ಲ, ಶನಿವಾರ ಮತ್ತೆ ಕೈಗೆತ್ತಿಕೊಳ್ಳುತ್ತೇನೆ. ಶನಿವಾರ ಬೆಳಿಗ್ಗೆ ನಡು ಹಲಗೆ ಖಾಲಿಯಾಗದೆ ನಾನು ಊಟಕ್ಕೆ ಏಳುತ್ತಿರಲಿಲ್ಲ. "ನಂದು ನಡು ಹಲಗೆಗೆ ಬಂತಾ ಸಾರ್?" ಎಂದು ಸಿಪಾಯಿಗಳು ಕಿಟಕಿಯಲ್ಲಿ ಇಣುಕುತ್ತಿದ್ದರು. ಬಂತು ಎಂದರೆ ಸಾಕು, ಸಿಕ್ಕಿದಷ್ಟೇ ಸಂತೋಷ.

"ತರಿಸೋಣ," ಎಂದ ತೆಯೊತೋನಿಯು. "ಮೊದಲು ನಮ್ಮ ಬಡಗಿ ನೋಡಲಿ. ಈ ಕೋಣೆಗೆ ಒಪ್ಪೋ ಹಾಗೆ ಒಂಚೂರು ಚಿನ್ನದ ಲೇಪ ಕೊಡ್ತಾನೆ. ಅಲ್ಲೀವರೆಗೆ ಈ ಚೀಲ ಇದೆ."

ಕೆಂಪು ಚರ್ಮದ ಚೀಲ. ಸಹಿಯಾದ ಕಾಗದವನ್ನು ಅದರಲ್ಲಿ ಇಟ್ಟರೆ ಸಂಜೆ ಅವನು ತೆಗೆದುಕೊಂಡು ಹೋಗುತ್ತಾನೆ. ಮೇಜು ಸದಾ ಸ್ವಚ್ಛ. ನನಗೆ ಸ್ವಚ್ಛ ಮೇಜು ಕಂಡರೆ ಭಯ.

ಮಾರ್ಚ್ ೫. ಹನ್ನೆರಡನೆಯ ದಿನ.

ಶಾಲೆಯ ಮಕ್ಕಳಿಗೆ ಹಂಚಲು ತೆಯೊತೋನಿಯು ನನ್ನ ಜೀವನಚರಿತ್ರೆ ಬರೆದು ತಂದಿದ್ದಾನೆ. ಎಂಟು ಪುಟ. 'ಬೆಟ್ಟಸೀಮೆಯ ಪುರಾತನ ಮನೆತನದಲ್ಲಿ ಜನಿಸಿದ ಬೆಲ್ಮೀರು ಕಿಂತೆಲಾ ಅವರು...' ದಿಯೊಲಿಂದಾ ಕೋಸಿನ ಎಲೆ ಹೆಚ್ಚುವುದನ್ನು ನಿಲ್ಲಿಸಿ ನಕ್ಕಳು.

"ಪುರಾತನ ಹೌದು ಬಿಡು. ನಿಮ್ಮಪ್ಪನ ಹೇಸರಗತ್ತೆಗಳಿಗೆ ಹಲ್ಲೇ ಇರಲಿಲ್ಲ."

ಅಪ್ಪನ ಬಳಿ ನಾಲ್ಕು ಹೇಸರಗತ್ತೆಗಳಿದ್ದವು. ಕರಾವಳಿಯಿಂದ ಬೆಟ್ಟಕ್ಕೆ ಒಣಮೀನು ಹೊರುತ್ತಿದ್ದ. ಹದಿನೆಂಟಕ್ಕೆ ಸೇನೆ ಸೇರಿದಾಗ ನನ್ನ ಅಂಗಿಯಿಂದ ಆ ವಾಸನೆ ಹೋಗಲು ನಾಲ್ಕು ತಿಂಗಳು ಬೇಕಾಯಿತು. ಇದನ್ನೆಲ್ಲ ಅಂಚಿನಲ್ಲಿ ಬರೆದೆ. 'ಮಹಾಯುದ್ಧದಲ್ಲಿ ಫ್ಲಾಂಡರ್ಸಿನಲ್ಲಿ ದಳವನ್ನು ಮುನ್ನಡೆಸಿದರು' ಎಂಬಲ್ಲಿ 'ಹೇಸರಗತ್ತೆಗಳ' ಎಂದು ಸೇರಿಸಿದೆ.

ಏಳನೆಯ ಪುಟದಲ್ಲಿ ಪೆನ್ಸಿಲ್ ನಿಂತಿತು. 'ಏಪ್ರಿಲ್ ಒಂಬತ್ತರ ವಿಷಾನಿಲದ ದಾಳಿಯಲ್ಲಿ ಅವರ ಉಗ್ರಾಣ ಪ್ರತಿಯೊಬ್ಬ ಯೋಧನನ್ನೂ ರಕ್ಷಿಸಿತು.'

ಇಲ್ಲ. ಜನ ನಾನೂರ ಹನ್ನೆರಡು, ಮುಖವಾಡ ನಾನೂರ ಹನ್ನೊಂದು. ಎಣಿಸಿದವನು ನಾನು. ನನ್ನ ಜೀವಮಾನದ ಲೆಕ್ಕದಲ್ಲಿ ಅದೊಂದೇ ತಪ್ಪು. ಕೊನೆಯ ಮುಖವಾಡ ನನ್ನ ಕೈಯಲ್ಲಿತ್ತು, ಎದುರಿಗೆ ಲೆಫ್ಟಿನೆಂಟ್ ಎವರಿಶ್ತು ಲೊಬಾಂವ್ ನಿಂತಿದ್ದ, ಹೊರಗೆ ಹಳದಿ ಹೊಗೆ ಬರುತ್ತಿತ್ತು. "ನೀನೇ ಹಾಕ್ಕೋ ಉಗ್ರಾಣಪ್ಪಾ," ಎಂದ ಅವನು. "ನೀನು ಹೋದ್ರೆ ಉಳಿದೋರಿಗೆ ಬೂಟು ಕೊಡೋರು ಯಾರು?" ಎಂದು ಒದ್ದೆ ಬಟ್ಟೆಯನ್ನು ಮೂಗಿಗೆ ಕಟ್ಟಿಕೊಂಡು ಓಡಿದ. ಬದುಕಿದ. ಒಂದು ಪುಪ್ಪುಸ ಹೋಯಿತು. ಆಮೇಲೆ ಎರಡು ವರ್ಷ ನನ್ನ ಉಗ್ರಾಣದಲ್ಲೇ ಕೂತು ಕೆಮ್ಮುತ್ತ, ನನ್ನನ್ನು ಗೇಲಿ ಮಾಡುತ್ತ ಕೆಲಸ ಮಾಡಿದ. ಈಗ ಮೇಜರ್.

ಇದನ್ನೂ ಅಂಚಿನಲ್ಲಿ ಬರೆದೆ. ಮಕ್ಕಳು ಓದಲಿ.

ಮಾರ್ಚ್ ೧೭. ಇಪ್ಪತ್ತನಾಲ್ಕನೆಯ ದಿನ.

ಬೆಳಿಗ್ಗೆ ಒಂಬತ್ತಕ್ಕೆ ನದಿಯ ಕಡೆಯಿಂದ ಗುಂಡಿನ ಸದ್ದು. ಸಂಜೆ ನಾಲ್ಕಕ್ಕೆ ಎಲ್ಲ ಮುಗಿದಿತ್ತು. ಸತ್ತವರು ಇಬ್ಬರು. ಸಿಕ್ಕಿಬಿದ್ದ ಅಧಿಕಾರಿಗಳು ಹನ್ನೆರಡು. ಮುಂದಾಳು ಎವರಿಶ್ತು.

ಮತದಾರರ ಪಟ್ಟಿಯನ್ನು ಸರ್ಮೆಂತು ಇನ್ನೂ ಅಚ್ಚಿಗೆ ಕೊಟ್ಟಿಲ್ಲವಂತೆ. ಎವರಿಶ್ತು ತನ್ನ ರೆಜಿಮೆಂಟನ್ನು ಬೀದಿಗೆ ತಂದು ಒಂದು ಹಾಸಿಗೆ ಬಟ್ಟೆಯ ಮೇಲೆ ಬರೆಸಿದ್ದನಂತೆ: 'ತೊಂಬತ್ತು ಅಂದರೆ ತೊಂಬತ್ತು.' ನಾನೂ ಅದನ್ನೇ ಹೇಳುತ್ತಿದ್ದೇನಲ್ಲ! ನನ್ನ ಪರವಾಗಿ ನನ್ನ ಮೇಲೆ ದಂಗೆ.

ಕೆಳಗೆ ಕಾವಲಿಗೆ ಇಪ್ಪತ್ತು ಜನ ಇರಬೇಕು. ಹದಿನೇಳಿದ್ದರು. ಮತ್ತೆ ಎಣಿಸಿದೆ, ಹದಿನೇಳೇ. ಸಾರು ಬಿಟ್ಟು ಎದ್ದು ಹೋಗಿ ಮೂರನೆಯ ಸಲ ಎಣಿಸಿದೆ.

ಮಾರ್ಚ್ ೩೦. ಮೂವತ್ತೇಳನೆಯ ದಿನ.

ಸೈನಿಕ ನ್ಯಾಯಾಲಯ ಹನ್ನೆರಡೂ ಜನರನ್ನು ಜೀವನಪೂರ್ತಿ ಗೋವಾಕ್ಕೂ ಆಚೆಯ ನಮ್ಮ ವಸಾಹತು ತಿಮೋರ್ ದ್ವೀಪಕ್ಕೆ ಕಳಿಸಿದೆ. ಹಡಗು ಏಪ್ರಿಲ್ ೨೮ಕ್ಕೆ. ಸೇನೆಯ ವೈದ್ಯನನ್ನು ಕರೆಸಿ ಕೇಳಿದೆ. "ಒಂದೇ ಪುಪ್ಪುಸ, ಅದರ ಮೇಲೆ ಆ ಜ್ವರದ ಕರಾವಳಿ. ಎರಡು ಮಳೆಗಾಲ ದಾಟಿದ್ರೆ ನನಗೆ ಆಶ್ಚರ್ಯ," ಎಂದ. ನೇರ ಮನುಷ್ಯ. ಅವನಿಗೂ ಬೂಟು ಕೊಟ್ಟಿದ್ದೇನೆ.

ಏಪ್ರಿಲ್ ೪. ನಲವತ್ತೆರಡನೆಯ ದಿನ.

ಎವರಿಶ್ತುವಿನ ಹೆಂಡತಿ ಲಿಯೊಕಾದಿಯಾ ಬಂದಳು. ದಿಯೊಲಿಂದಾ ಅವಳನ್ನು ಹಿಂದಿನ ಬಾಗಿಲಿನಿಂದ, ತಾನು ಒಲೆ ಹೂಡಿಕೊಂಡಿರುವ ಕೋಣೆಗೇ ಕರೆತಂದಳು. ಅರ್ಜಿ ಒಂದೇ ಪುಟ. ಬಿಡುಗಡೆ ಕೇಳಿಲ್ಲ. ತಿಮೋರ್ ಬೇಡ, ಇಲ್ಲೇ ನಮ್ಮ ನೆಲದ ಯಾವ ಸೆರೆಮನೆಯಾದರೂ ಸರಿ, ಅಷ್ಟೇ.

"ನೀವು ಮನಸ್ಸು ಮಾಡಿದ್ರೆ ಒಂದು ಗೆರೆ ಸಾಕಣ್ಣ," ಎಂದಳು.

ಒಂದು ಗೆರೆ ಸಾಕು. ಅದನ್ನು ಓದುವವನು ಸರ್ಮೆಂತು. ಅವನು ಓದಿದ ಮೇಲೆ ಮೂರು ರೆಜಿಮೆಂಟು ಓದುತ್ತವೆ. ಇಲ್ಲ ಅನ್ನಲು ಬಾಯಿ ಬರಲಿಲ್ಲ, ಹೌದು ಅನ್ನಲು ಕೈ ಬರಲಿಲ್ಲ. ಅರ್ಜಿಯ ಮೇಲೆ 'ನೋಡಿದೆ. ಬೆ. ಕಿಂ.' ಎಂದು ಬರೆದೆ.

ಲಿಯೊಕಾದಿಯಾ ಕಣ್ಣೊರೆಸಿಕೊಂಡು ನನ್ನ ಕೈ ಹಿಡಿದಳು. ಅವಳೂ ಪೋರ್ತುವಿನಲ್ಲಿ ಎರಡು ವರ್ಷ ನಮ್ಮ ಪಕ್ಕದ ಮನೆಯಲ್ಲಿದ್ದವಳು.

"ಶನಿವಾರ ತಾನೇ?" ಎಂದಳು ದಿಯೊಲಿಂದಾ, ಒಲೆಯ ಕಡೆಯಿಂದ ತಿರುಗದೆ.

"ಶನಿವಾರ," ಎಂದೆ.

ಕಾಗದವನ್ನು ಕೆಂಪು ಚೀಲದಲ್ಲಿಟ್ಟ ಮೇಲೆ ಎಷ್ಟೋ ದಿನಗಳ ನಂತರ ಹೊಟ್ಟೆತುಂಬ ಉಂಡೆ.

ಏಪ್ರಿಲ್ ೯. ನಲವತ್ತೇಳನೆಯ ದಿನ. ಶನಿವಾರ.

ಫ್ಲಾಂಡರ್ಸಿನಲ್ಲಿ ಸತ್ತವರಿಗಾಗಿ ಇಗರ್ಜಿಯಲ್ಲಿ ಬಲಿಪೂಜೆ. ಮೂರು ಗಂಟೆ ಮಂಡಿಯೂರಿ, ಆಮೇಲೆ ಮೆರವಣಿಗೆ. ಸರ್ಮೆಂತು ಪಕ್ಕದಲ್ಲೇ ಇದ್ದ. ಕಾಗದ ನೋಡಲು ಆಗಲಿಲ್ಲ. ಮುಂದಿನ ಶನಿವಾರ ಈಸ್ಟರಿನ ಹಿಂದಿನ ದಿನ, ಕಚೇರಿ ಇರುವುದಿಲ್ಲ. ಅದರ ಮುಂದಿನದು ೨೩. ಹಡಗಿಗೆ ಇನ್ನೂ ಐದು ದಿನ ಉಳಿಯುತ್ತದೆ. ಐದು ದಿನ ಸಾಕು. ನಾಲ್ಕು ಸಾವಿರ ಜನರಿಗೆ ಎರಡು ದಿನದಲ್ಲಿ ಬೂಟು ಹಂಚಿದವನು ನಾನು.

ಏಪ್ರಿಲ್ ೨೩. ಅರವತ್ತೊಂದನೆಯ ದಿನ. ಶನಿವಾರ.

ಬಂದಾಗಿನಿಂದ ಪ್ರತಿ ಶನಿವಾರ ಒಂದಲ್ಲ ಒಂದು ಸಮಾರಂಭ, ಇಂದೇ ಮೊದಲ ಬಿಡುವು. ಬೆಳಿಗ್ಗೆ ಎಂಟಕ್ಕೆ ತೆಯೊತೋನಿಯುವನ್ನು ಕರೆದೆ.

"ಡಾಕ್ಟರೇ, ನಡುವಿನ ಕಾಗದ ತನ್ನಿ."

"ಯಾವ ಕಾಗದ, ಅಧ್ಯಕ್ಷರೇ?"

"ನಾನು 'ನೋಡಿದೆ' ಅಂತ ಬರೆದಿದ್ದು."

"ಅವೆಲ್ಲ ಮುಗಿದವಲ್ಲ."

"ಮುಗಿದಿಲ್ಲ ಕಣ್ರೀ. ಮುಗಿದಿದ್ರೆ ಹೌದು, ಇಲ್ಲ ಅಂತ ಬರೀತಿರಲಿಲ್ವಾ?"

ಅವನು ಮೂರ್ಖನನ್ನು ನೋಡುವಂತೆ ನನ್ನನ್ನು ನೋಡಲಿಲ್ಲ. ಹಾಗೆ ನೋಡಿದ್ದರೆ ವಾಸಿಯಿತ್ತು. ಬಹಳ ಮೃದುವಾಗಿ ಹೇಳಿದ:

"ಈ ಮನೆಯಲ್ಲಿ ಮೂರು ಮಾತಿದೆ. 'ಕೊಟ್ಟಿದೆ' ಅಂದ್ರೆ ಕೊಟ್ಟಿದ್ದು. 'ಮತ್ತೆ ತನ್ನಿ' ಅಂದ್ರೆ ಯೋಚನೆ ಮಾಡ್ತೀನಿ ಅಂತ. ಬರೀ 'ನೋಡಿದೆ' ಅಂದ್ರೆ, ನೋಡಿದ್ದಾಯ್ತು, ಮಾಡೋದೇನಿಲ್ಲ ಅಂತ. ರಾಜರ ಕಾಲದಿಂದ ಹಾಗೇ ನಡೆದಿದೆ. ಇಲ್ಲ ಅನ್ನೋ ಮಾತನ್ನ ದೊಡ್ಡೋರ ಬಾಯಲ್ಲಿ ಬರಿಸಬಾರದು ಅಂತ."

"ಲೊಬಾಂವ್ ಅರ್ಜಿ?"

"ಅದೇ ಸಂಜೆ ಯುದ್ಧಮಂತ್ರಿಗಳಿಗೆ ಹೋಯ್ತು. ಕೈದಿಗೂ ಒಂದು ಪ್ರತಿ ಕಳಿಸಿದ್ದೇವೆ."

"ಒಟ್ಟು ಎಷ್ಟು ಕಾಗದದ ಮೇಲೆ ಹಾಗೆ ಬರೆದಿದ್ದೀನಿ?"

"ಇನ್ನೂರ ಮೂವತ್ತಾರು." ಅವನ ಮುಖ ಅರಳಿತು. "ಇಷ್ಟು ಬೇಗ ಬೇಗ ತೀರ್ಮಾನ ಮಾಡೋ ಅಧ್ಯಕ್ಷರನ್ನ ಕಂಡೇ ಇಲ್ಲ ಅಂತ ಇಡೀ ಕಚೇರಿ ಹೇಳ್ತಿದೆ."

ನೆಲಮಾಳಿಗೆಗೆ ಇಳಿದು ನಾನೇ ಎಣಿಸಿದೆ. ಇನ್ನೂರ ಮೂವತ್ತಾರು, ಸರಿಯಾಗಿದೆ. ಕುರುಡಿ ವಿಧವೆಯೊಬ್ಬಳ ಲಾಟರಿ ಚೀಟಿ ಮಾರುವ ಪರವಾನಗಿ. ಒಂದು ಊರಿನ ಸೇತುವೆ. ಕಾಲು ಕಳೆದುಕೊಂಡವನ ಪಿಂಚಣಿ. ಎಲ್ಲದರ ಮೇಲೂ ನನ್ನದೇ ದುಂಡು ಅಕ್ಷರ. ಪಾಪ, ಅವರೆಲ್ಲ ಶನಿವಾರಕ್ಕೆ ಕಾಯುತ್ತಿರಬೇಕು ಎಂದುಕೊಂಡೆ. ಆಮೇಲೆ ನೆನಪಾಯಿತು: ಪೋರ್ತುವಿನ ಸಿಪಾಯಿಗಳನ್ನು ಬಿಟ್ಟರೆ ಶನಿವಾರದ ವಿಷಯ ಯಾರಿಗೂ ಗೊತ್ತಿಲ್ಲ.

ಏಪ್ರಿಲ್ ೨೬. ಅರವತ್ತನಾಲ್ಕನೆಯ ದಿನ.

ಹೊಸ ಆಜ್ಞೆಯನ್ನು ನನ್ನ ಕೈಯಿಂದಲೇ ಬರೆದೆ. 'ನನ್ನ ಹಿಂದಿನ ಟಿಪ್ಪಣಿ ತಪ್ಪಿನಿಂದ ಆದದ್ದು. ಮೇಜರ್ ಎವರಿಶ್ತು ಲೊಬಾಂವ್ ಅವರನ್ನು ಹಡಗಿನಿಂದ ಇಳಿಸಿ ಇಲ್ಲಿಯೇ ಇರಿಸತಕ್ಕದ್ದು.' ಪೂರ್ತಿ ಹೆಸರು ಹಾಕಿ ಸಹಿ ಮಾಡಿದೆ, ಮೊಹರು ಒತ್ತಿದೆ. ಹಡಗಿನ ಕಪ್ತಾನನ ಕೈಗೆ ಇದು ಸಿಕ್ಕರೆ ಸಾಕು.

ಸರ್ಮೆಂತುವನ್ನು ಕರೆಸಿ ತೋರಿಸಿದೆ. ಎರಡು ಸಲ ಓದಿದ. ಕೂಗಾಡುತ್ತಾನೆ ಎಂದುಕೊಂಡಿದ್ದೆ.

"ಕೊಡಿ ಜನರಲ್. ಬೇಡ ಅನ್ನೋಕೆ ನಾನ್ಯಾರು? ನಾಳೆ ಹಡಗಿಗೆ ಹೋಗ್ತೀರಂತಲ್ಲ, ಕೈಯಾರೆ ಕೊಟ್ಬಿಡಿ. ಒಂದೇ ಒಂದು ಮಾತು. 'ತಪ್ಪಿನಿಂದ' ಅಂತ ಬರೆದಿದ್ದೀರಿ. ನಾಡಿದ್ದು ಬ್ಯಾರಕ್ಕುಗಳಲ್ಲಿ ಕೇಳ್ತಾರೆ, ಈ ಮನುಷ್ಯ ಇನ್ನೇನೇನು ತಪ್ಪು ಮಾಡಿದ್ದಾನೆ ಅಂತ. ನಿಮ್ಮ ಕುರ್ಚಿಗೆ ಇಬ್ಬರು ಕರ್ನಲ್‌ಗಳು ಬೂಟು ಹಾಕ್ಕೊಂಡೇ ಕೂತಿದ್ದಾರೆ. ಅವರು ಬಂದ್ರೆ ಆ ಹನ್ನೆರಡು ಜನಕ್ಕೆ ತಿಮೋರ್ ಇರಲ್ಲ. ನಿಲ್ಲಿಸಿ ಗುಂಡು ಹೊಡೆಯೋ ಗೋಡೆ ಇರುತ್ತೆ."

ಹೋಗುವಾಗ ಬಾಗಿಲಲ್ಲಿ ನಿಂತು ನಕ್ಕ. "ಉಗ್ರಾಣದಲ್ಲಿ ಒಂದು ಬೂಟು ತಪ್ಪು ಅಳತೆ ಬಂದ್ರೆ ವಾಪಸ್ ತಗೋಬಹುದಿತ್ತು, ಅಲ್ವಾ ಜನರಲ್?"

ಆಜ್ಞೆಯನ್ನು ನಾಲ್ಕಾಗಿ ಮಡಿಸಿ ನನ್ನ ಹಳೆಯ ಬೂದು ಕೋಟಿನ ಒಳಜೇಬಿನಲ್ಲಿ ಇಟ್ಟೆ. ಎಷ್ಟು ಸಲ ಮುಟ್ಟಿ ನೋಡಿದೆನೋ. ಇದೆ.

ಏಪ್ರಿಲ್ ೨೭. ಅರವತ್ತೈದನೆಯ ದಿನ.

ಹಡಗಿಗೆ ಹೋಗಿಬಂದೆ. ಆದದ್ದನ್ನು ಆದ ಹಾಗೆ ಬರೆಯುತ್ತೇನೆ.

ಕಪ್ತಾನ ಏಣಿಯ ಬಳಿಯೇ ಸಿಕ್ಕಿದ. ಕೈ ಜೇಬಿಗೆ ಹೋಯಿತು. ಮೊದಲು ಎವರಿಶ್ತುವನ್ನು ಕಂಡು, ಸುದ್ದಿಯನ್ನು ನಾನೇ ಹೇಳಿ, ಆಮೇಲೆ ಕೊಟ್ಟರಾಯಿತು ಎಂದುಕೊಂಡೆ.

ಕೆಳಗಿನ ಅಂತಸ್ತಿನಲ್ಲಿ ಹನ್ನೆರಡೂ ಜನ ಇಸ್ಪೀಟು ಆಡುತ್ತಿದ್ದರು. ಕಂಬಳಿ ಎಣಿಸಿದೆ, ಹನ್ನೊಂದು. ನಾನು ಏನನ್ನಾದರೂ ಹೇಳುವ ಮೊದಲೇ ಎವರಿಶ್ತು ಎದ್ದು ಬಂದು ತಬ್ಬಿಕೊಂಡ. ಮೊದಲಿಗಿಂತ ಹಗುರವಾಗಿದ್ದ.

"ಬಂದ್ಯಾ ಉಗ್ರಾಣಪ್ಪಾ! ನಾನು ಹೇಳ್ಲಿಲ್ವೇನ್ರೋ ಇವನು ಬಂದೇ ಬರ್ತಾನೆ ಅಂತ?" ಉಳಿದವರ ಕಡೆ ತಿರುಗಿದ. "ಇವರೆಲ್ಲ ತಲೆ ಮೇಲೆ ಕೈ ಹೊತ್ಕೊಂಡು ಕೂತಿದ್ರು. ನಿನ್ನ ಕಾಗದದ ಪ್ರತಿ ಬಂತು ನೋಡು, ತೋರಿಸಿದೆ. 'ನೋಡಿದೆ. ಬೆ. ಕಿಂ.' ಲೇ, ಇದು ನಡು ಹಲಗೆ ಕಣ್ರೋ ಅಂದೆ. ಇದರ ಮೇಲೆ ಕೂತ ಕಾಗದ ಇವತ್ತಿನವರೆಗೆ ಕೆಳಗೆ ಬಿದ್ದಿಲ್ಲ ಅಂದೆ. ಅವತ್ತಿಂದ ಎಲ್ಲ ಹೊಟ್ಟೆತುಂಬ ಉಣ್ತಿದ್ದಾರೆ."

ಜೇಬಿನಿಂದ ಆ ಪ್ರತಿಯನ್ನು ತೆಗೆದು ತೋರಿಸಿದ. ಮಡಿಕೆಗಳಲ್ಲಿ ಸವೆದಿತ್ತು. ಇಡೀ ಸೇನೆಯಲ್ಲಿ ಆ ಮಾತನ್ನು ನಾನು ಬರೆದ ಅರ್ಥದಲ್ಲಿ ಓದಿದವನು ಅವನೊಬ್ಬನೇ.

"ಶನಿವಾರಕ್ಕೆ ತಾನೇ?" ಎಂದ. "ಹಡಗು ನಾಳೆ ಹೊರಟ್ರೂ ಪರವಾಗಿಲ್ಲ ಬಿಡು. ಮೊದಲನೇ ಬಂದರು ಸಾಂ ವಿಸೆಂತಿಗೆ ಒಂದು ತಂತಿ ಹೊಡೆದ್ರೆ ಅಲ್ಲೇ ಇಳಿಸ್ತಾರೆ. ನಿನಗೂ ಆ ಎಡಗಾಲಿನೋನ ಕಾಟ ಇದೆ, ಗೊತ್ತು. ಅವಸರ ಮಾಡಬೇಡ. ಸಮುದ್ರದ ಗಾಳಿ ಒಂದು ವಾರ ಕುಡಿದ್ರೆ ನನಗೂ ಒಳ್ಳೇದೇ."

ಅವನು ಅಷ್ಟು ನಿಶ್ಚಿಂತನಾಗಿದ್ದ. ಅವನ ನಿಶ್ಚಿಂತೆ ನನಗೂ ಅಂಟಿತು ಎಂದರೆ ಸುಳ್ಳಲ್ಲ. ಆ ಮಾತಿಗೆ ಅರಮನೆಯಲ್ಲಿ ಬೇರೆ ಅರ್ಥ ಇದೆ ಎಂದು ಅಲ್ಲಿ, ಆ ಹನ್ನೊಂದು ಜನರ ಎದುರಿಗೆ, ಹೇಗೆ ಹೇಳುವುದು?

"ಹೌದು, ನಡು ಹಲಗೆ ಮೇಲೇ ಇದೆ," ಎಂದೆ.

ಇಳಿಯುವಾಗ ಕಪ್ತಾನನಿಗೆ ಇನ್ನೊಂದು ಕಂಬಳಿ ಕೊಡಿಸಲು ಹೇಳಿದೆ. ಅದನ್ನು ಅವನು ತಕ್ಷಣ ಮಾಡಿದ.

ಏಪ್ರಿಲ್ ೨೮

ಹತ್ತು ಗಂಟೆಗೆ ಹಡಗು ಹೊರಟಿತು. ಕಿಟಕಿಯಿಂದ ತೆಜು ನದಿಯ ಮುಖದವರೆಗೂ ಕಂಡಿತು. ಗಾಳಿ ಅನುಕೂಲವಾಗಿದೆ.

ಮೇ ೪

ಶನಿವಾರ ಸರ್ಮೆಂತು ಗಡಿ ತಪಾಸಣೆಗೆ ಕರೆದುಕೊಂಡು ಹೋದ. ಜನ ಟೋಪಿ ತೆಗೆದು ನಿಂತಿದ್ದರು. ಒಂದು ಊರಿನಲ್ಲಿ ಮುದುಕಿಯೊಬ್ಬಳು ನನ್ನ ಕೋಟಿನ ಅಂಚಿಗೆ ಮುತ್ತಿಟ್ಟಳು. ಮುಜುಗರವಾಯಿತು, ಆದರೆ ಅವಳನ್ನು ತಡೆದರೆ ಅವಳಿಗೆ ನೋವಾಗುತ್ತಿತ್ತು.

ಸಾಂ ವಿಸೆಂತಿ ಬಂದರಿಗೆ ಹಡಗು ೬ಕ್ಕೆ ಮುಟ್ಟುತ್ತದೆ. ತಂತಿ ಕಚೇರಿಯವನು ಬಂದು ನಿಂತಿದ್ದ. ವಾಕ್ಯದಲ್ಲಿ 'ತಪ್ಪಿನಿಂದ' ಎಂಬುದು ಬೇಕೋ ಬೇಡವೋ ಎಂದು ತೆಯೊತೋನಿಯು ಕೇಳಿದ. ಒಳ್ಳೆಯ ಪ್ರಶ್ನೆ. ಯೋಚಿಸಿ ಹೇಳುತ್ತೇನೆ ಎಂದೆ. ಸಾಂ ವಿಸೆಂತಿ ಒಂದೇ ಬಂದರಲ್ಲ. ಸಾಂ ತೊಮೆ, ಲುವಾಂಡಾ, ಆಮೇಲೆ ಆಫ್ರಿಕಾದ ಪೂರ್ವ ತೀರದಲ್ಲಿ ಮೂರು, ಗೋವಾ, ಕೊನೆಗೆ ತಿಮೋರಿನ ದಿಲಿ. ಒಟ್ಟು ಎಂಟು. ಪಟ್ಟಿ ಮಾಡಿದ ಮೇಲೆ ಊಟ ಸೇರಿತು.

ಮೇ ೧೦

ಮಧ್ಯಾಹ್ನ ಊಟಕ್ಕೆ ಕೂತರೆ ತಟ್ಟೆಯಲ್ಲಿ ಸಾರಿಲ್ಲ, ನಾಲ್ಕಾಗಿ ಮಡಿಸಿದ ಕಾಗದ ಇದೆ. ದಿಯೊಲಿಂದಾ ಕೋಟಿಗೆ ಬ್ರಷ್ ಹಾಕುವಾಗ ಸಿಕ್ಕಿತಂತೆ.

"ಏನಿದು?"

"ಆಜ್ಞೆ."

"ಓದೋಕೆ ಬರುತ್ತೆ ನನಗೆ. ಸಹಿ ಇದೆ. ಮೊಹರಿದೆ. ಏಪ್ರಿಲ್ ಇಪ್ಪತ್ತಾರು ಅಂತ ಇದೆ. ಇಪ್ಪತ್ತೇಳಕ್ಕೆ ಈ ಕೋಟು ಹಾಕ್ಕೊಂಡೇ ಹಡಗಿಗೆ ಹೋಗಿದ್ದೆ ನೀನು."

ವಿವರಿಸಿದೆ. ಇಬ್ಬರು ಕರ್ನಲ್‌ಗಳ ವಿಷಯ, ಗೋಡೆಯ ವಿಷಯ, ಬಂದರುಗಳ ಪಟ್ಟಿ. ಎವರಿಶ್ತುವೇ ಅವಸರ ಬೇಡ ಎಂದದ್ದು. ಪೂರ್ತಿ ಕೇಳಿದಳು, ನಡುವೆ ಬಾಯಿ ಹಾಕಲಿಲ್ಲ. ಮೂವತ್ತು ವರ್ಷದಲ್ಲಿ ಇದೇ ಮೊದಲು.

"ಒಂದು ಮುಖವಾಡ ಕಡಿಮೆ ಬಿತ್ತು ಅಂತ ಎಷ್ಟೋ ವರ್ಷ ನಿದ್ದೇಲಿ ಎಣಿಸ್ತಿದ್ದೆಯಲ್ಲೋ. ಈ ಸಲ ಕಡಿಮೆ ಬಿದ್ದಿರಲಿಲ್ಲ ಬೆಲ್ಮೀರು. ಜೇಬಲ್ಲೇ ಇತ್ತು."

ಕಾಗದವನ್ನು ಎತ್ತಿ ಒರೆಸಿ ಪಕ್ಕಕ್ಕಿಟ್ಟು ಸಾರು ಬಡಿಸಿದಳು. "ಉಪ್ಪು ಸಾಕಾ ನೋಡಿ, ಅಧ್ಯಕ್ಷರೇ," ಎಂದಳು.

ಮೇ ೧೫

ಜೀವನಚರಿತ್ರೆ ಅಚ್ಚಾಗಿ ಬಂದಿದೆ. ನಲವತ್ತು ಸಾವಿರ ಪ್ರತಿ. ಕಾಗದ ದಪ್ಪವಾಗಿದೆ, ಹೊಲಿಗೆ ಗಟ್ಟಿ. ಹೇಸರಗತ್ತೆಗಳನ್ನು ಬಿಟ್ಟಿದ್ದಾರೆ, ಮಕ್ಕಳು ನಗುತ್ತಾರೆ ಎಂದು ತೆಯೊತೋನಿಯು ಹೇಳಿದ, ಇದ್ದರೂ ಇರಬಹುದು.

ಏಳನೆಯ ಪುಟ: 'ಅವರು ಎಣಿಸಿ ಕೊಟ್ಟ ಮುಖವಾಡಗಳಲ್ಲಿ ಒಂದೂ ಕಡಿಮೆ ಬೀಳಲಿಲ್ಲ.' ಎರಡು ಸಲ ಓದಿದೆ. ವಾಕ್ಯ ಚೆನ್ನಾಗಿ ಬಂದಿದೆ. ಮಕ್ಕಳಿಗೆ ಬರೆಯುವುದೆಂದರೆ ಅಷ್ಟು ಸುಲಭವಲ್ಲ. ಮೊದಲ ಪ್ರತಿಯ ಮೇಲೆ 'ನೋಡಿದೆ' ಎಂದು ಬರೆದೆ.

ದಿಯೊಲಿಂದಾ ಈಗ ನನ್ನನ್ನು ನೀವು ಎನ್ನುತ್ತಾಳೆ. ಬಂದವರ ಎದುರಿಗೆ ಮಾತ್ರವಲ್ಲ, ನಾವಿಬ್ಬರೇ ಇದ್ದಾಗಲೂ. ಈ ಮನೆಯ ಗಾಳಿಗೆ ಯಾರಿಗಾದರೂ ರೀತಿನೀತಿ ಬರುತ್ತದೆ. ಒಳ್ಳೆಯದೇ ಆಯಿತು.

ಮೇ ೨೦

ನನ್ನ ಹಲಗೆಗಳು ಬಂದವು. ಗುರುತು ಹಿಡಿಯುವುದೇ ಕಷ್ಟ. ಅಂಚಿಗೆ ಬಳ್ಳಿ ಕೆತ್ತಿ ಚಿನ್ನದ ಲೇಪ ಕೊಟ್ಟಿದ್ದಾರೆ. ಮೇಲೆ ಪಿಂಗಾಣಿ, ಕೆಳಗೆ ಪಿಂಗಾಣಿ, ನಡು ಹಲಗೆಯ ಮೇಲೆ ಒಂದು ಗಡಿಯಾರ. ನನ್ನ ಮೊಳೆಯ ತೂತುಗಳು ಮಾತ್ರ ಹಾಗೇ ಇವೆ, ಹುಡುಕಿದರೆ ಕಾಣುತ್ತವೆ.

ಇವತ್ತೇ ಸಾಂ ವಿಸೆಂತಿಯಿಂದ ಕಾಗದ ಬಂತು. ಎವರಿಶ್ತುವಿನ ಅಕ್ಷರ, ಗೆರೆಗಳು ಕೆಳಗೆ ಜಾರಿವೆ.

'ಉಗ್ರಾಣಪ್ಪಾ, ತಂತಿ ಬರಲಿಲ್ಲ. ಎಡಗಾಲಿನವನು ತಂತಿಕಂಬವನ್ನೇ ಕಿತ್ತಿದ್ದಾನೆಂದು ಕಾಣುತ್ತದೆ. ಇಲ್ಲಿ ಬಿಸಿಗಾಳಿ, ಸ್ವಲ್ಪ ರಕ್ತ ಬಿತ್ತು, ಹಡಗಿನ ವೈದ್ಯ ಮುಖ ಮುರಿದ. ನಮ್ಮವರು ಕೇಳುತ್ತಾರೆ, ನಾನು ಹೇಳುತ್ತೇನೆ, ಶನಿವಾರ ಅಂದರೆ ಶನಿವಾರ, ಯಾವ ಶನಿವಾರ ಎಂದು ಅವನು ಹೇಳಿಲ್ಲವಷ್ಟೇ. ಹಲಗೆಯ ಮೇಲೆ ಧೂಳು ಕೂತಿದ್ದರೆ ಒರೆಸು. ನೀನು ಕೊಡಿಸಿದ ಕಂಬಳಿ ಬೆಚ್ಚಗಿದೆ.'

ಹಲಗೆಯ ಮೇಲೆ ಧೂಳಿಲ್ಲ. ದಿನಾ ಒರೆಸಲು ಆಳಿದ್ದಾರೆ. ಇನ್ನೂ ಏಳು ಬಂದರುಗಳಿವೆ.

ಮೇ ೨೨

ಭಾನುವಾರವಾದರೂ ಸರ್ಮೆಂತು, ತೆಯೊತೋನಿಯು ಇಬ್ಬರೂ ಬಂದರು. ಅರ್ಧ ಪುಟದ ಕಾಗದ: ಪರಿಸ್ಥಿತಿ ಅನುಕೂಲವಾಗುವವರೆಗೆ ಚುನಾವಣೆಯನ್ನು ಮುಂದಕ್ಕೆ ಹಾಕಬೇಕೆಂದು, ಅಲ್ಲಿಯವರೆಗೆ ನಾನೇ ಮುಂದುವರಿಯಬೇಕೆಂದು ಕೋರಿಕೆ. ಇಂದೇ ಚುನಾವಣೆ ಘೋಷಿಸಬೇಕೆಂದು ನಲವತ್ತು ಊರುಗಳಿಂದ ಬಂದ ಅರ್ಜಿಗಳು ಬೇರೆ ಕಟ್ಟಿನಲ್ಲಿ. ಮೊದಲನೆಯದರ ಮೇಲೆ 'ಕೊಟ್ಟಿದೆ' ಎಂದು ಬರೆದೆ. ಕಟ್ಟಿನ ಮೇಲೆ 'ನೋಡಿದೆ'. ಹತ್ತು ನಿಮಿಷದ ಕೆಲಸ. ಸರ್ಮೆಂತು ಹೋಗುವಾಗ ಬಗ್ಗಿ ವಂದಿಸಿದ. ಅವನ ಎಡಗಾಲಿನ ಬೂಟು ಇನ್ನೂ ಬಿಗಿಯಾಗಿದೆ, ನಡಿಗೆಯಲ್ಲೇ ಗೊತ್ತಾಗುತ್ತದೆ.

ಈ ನೋಟುಬುಕ್ಕಿನಲ್ಲಿ ಹಾಳೆಗಳು ಬೇಕಾದಷ್ಟು ಉಳಿದಿವೆ. ದಿನಾ ಬರೆಯಲಿಲ್ಲವಲ್ಲ.

ಊಟಕ್ಕೆ ಹಿಂದಿನ ಕೋಣೆಗೆ ಹೋದೆ. ಒಲೆ ಆರಿತ್ತು. ಜೋಳದ ರೊಟ್ಟಿಯ ಕೆಳಗೆ ಚೀಟಿ.

'ಲಿಯೊಕಾದಿಯಾ ಒಬ್ಬಳೇ ಇದ್ದಾಳೆ. ನಾನು ಅವಳ ಜೊತೆ ಪೋರ್ತುವಿಗೆ ಹೋಗುತ್ತೇನೆ. ಕೋಟಿಗೆ ಗುಂಡಿ ಹಾಕಿದ್ದೇನೆ. ಆ ಕಾಗದ ಒಳಜೇಬಿನಲ್ಲೇ ಇದೆ, ನೀವು ಇಟ್ಟ ಜಾಗದಲ್ಲೇ. ಬರಬೇಕು ಅನ್ನಿಸಿದರೆ ಕೋಟು ಹಾಕಿಕೊಂಡು ಬಾ, ಬೆಲ್ಮೀರು. ತೊಂಬತ್ತು ಮುಗಿಯಿತು.'

ಮೇಜಿಗೆ ಬಂದು ಮತ್ತೊಮ್ಮೆ ಓದಿದೆ. ಒಂದೇ ಚೀಟಿಯಲ್ಲಿ ನೀವೂ ಇದೆ, ನೀನೂ ಇದೆ. ಅವಳಿಗೆ ಬರವಣಿಗೆಯ ಅಭ್ಯಾಸ ಕಡಿಮೆ. ಈ ವಾರ ಆಗುವುದಿಲ್ಲ. ಶನಿವಾರ ನೋಡೋಣ. ಕೆಳಗೆ 'ನೋಡಿದೆ. ಬೆ. ಕಿಂ.' ಎಂದು ಬರೆದು ಸುತ್ತಲೂ ನೋಡಿದೆ. ನಡು ಹಲಗೆಯ ಮೇಲೆ ಗಡಿಯಾರ ಇತ್ತು. ಚೀಟಿಯನ್ನು ಕೆಂಪು ಚೀಲದಲ್ಲಿ ಇಟ್ಟೆ.

ಸಂಜೆ ತೆಯೊತೋನಿಯು ಬಂದು ತೆಗೆದುಕೊಂಡು ಹೋದ.